ಸ್ವಿಟ್ಜರ್ಲೆಂಡ್ ಸುತ್ತಲು ಕಾರೋ, ರೈಲೋ?

ಸ್ವಿಟ್ಜರ್ಲೆಂಡ್‌ನಲ್ಲಿ ಪ್ರವಾಸಿಗರು ನೋಡಲೇಬೇಕೆಂದು ಹೊರಡುವ ಕೆಲವು ಊರುಗಳಿಗೆ ಕಾರು ಹೋಗುವುದೇ ಇಲ್ಲ. ಮ್ಯಾಟರ್‌ಹಾರ್ನ್ ಶಿಖರದ ಬುಡದಲ್ಲಿರುವ ಜೆರ್ಮಾಟ್‌ಗೆ ಹೊರಟವರು ಸುಮಾರು 5 ಕಿ.ಮೀ. ಮೊದಲೇ, ಟೆಶ್‌ನಲ್ಲಿ ಕಾರು ಬಿಟ್ಟು ರೈಲು ಹತ್ತಬೇಕು. ವೆಂಗೆನ್, ಮ್ಯೂರೆನ್ ಹಳ್ಳಿಗಳಲ್ಲೂ ಹೀಗೆಯೇ. 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್ ನಿಲ್ದಾಣಕ್ಕಂತೂ 1912ರಿಂದ ಇರುವುದು ರೈಲೊಂದೇ. ಅಂಥ ದಿನಗಳಲ್ಲಿ ಬಾಡಿಗೆ ಕಾರು ಕಣಿವೆಯಲ್ಲಿ ಸುಮ್ಮನೆ ನಿಂತಿದ್ದರೂ ಬಾಡಿಗೆ, ಪಾರ್ಕಿಂಗ್ ಶುಲ್ಕ ಎರಡೂ ಏರುತ್ತಲೇ ಇರುತ್ತವೆ.

ಇಲ್ಲಿನ ರೈಲಿನ ಹಿರಿಮೆ ಇರುವುದು ಓಟದಲ್ಲಲ್ಲ, ವೇಳಾಪಟ್ಟಿಯಲ್ಲಿ. 1982ರಲ್ಲಿ ದೇಶದಾದ್ಯಂತ ಗಂಟೆಗೊಂದು ರೈಲಿನ ಕ್ರಮ ಬಂತು. 1987ರ ಜನಮತಗಣನೆಯಲ್ಲಿ ಮತದಾರರು ‘ರೈಲು 2000’ ಯೋಜನೆಗೆ ಒಪ್ಪಿಗೆ ಕೊಟ್ಟರು. ಅದರ ಮುಖ್ಯ ಹಂತ 2004ರ ಡಿಸೆಂಬರ್‌ನಲ್ಲಿ ಜಾರಿಯಾಯಿತು. ಅದರ ಲೆಕ್ಕಾಚಾರ ಸೊಗಸಾದುದು. ದೊಡ್ಡ ಜಂಕ್ಷನ್‌ಗೆ ಎಲ್ಲ ದಿಕ್ಕಿನ ರೈಲುಗಳೂ ಗಂಟೆ ಹೊಡೆಯಲು ಕೆಲವೇ ನಿಮಿಷ ಇರುವಾಗ ಬಂದು ಸೇರುತ್ತವೆ, ಗಂಟೆ ಕಳೆದ ಕೆಲವೇ ನಿಮಿಷಗಳಲ್ಲಿ ಚದುರುತ್ತವೆ. ನಡುವಿನ ಆ ಅವಕಾಶದಲ್ಲಿ ಯಾರು ಯಾವ ಕಡೆಗೆ ಬೇಕಾದರೂ ರೈಲು ಬದಲಿಸಬಹುದು. ಇದು ಸಾಧ್ಯವಾಗಬೇಕಾದರೆ ಜೂರಿಕ್–ಬರ್ನ್ ಪ್ರಯಾಣ ಒಂದು ಗಂಟೆಯೊಳಗೆ ಮುಗಿಯಬೇಕಿತ್ತು. ಹೊಸ ಹಳಿ ಹಾಕಿದ್ದು ಅದಕ್ಕಾಗಿ. ಗುಡ್ಡಗಾಡಿನ ನಿಲ್ದಾಣಗಳಲ್ಲಿ ಹಳದಿ ಪೋಸ್ಟ್‌ಬಸ್ಸುಗಳ ಸಮಯವೂ ರೈಲಿನ ಸಮಯಕ್ಕೆ ಹೊಂದಿಕೊಂಡಿರುತ್ತದೆ. ಒಂದು ರೈಲು ತಪ್ಪಿದರೆ ಮುಖ್ಯ ಮಾರ್ಗಗಳಲ್ಲಿ ಅರ್ಧ ಗಂಟೆ ಕಾದರೆ ಸಾಕು. ಅಪರಿಚಿತ ನಾಡಿನಲ್ಲಿ ಇದಕ್ಕಿಂತ ದೊಡ್ಡ ಸ್ವಾತಂತ್ರ್ಯವನ್ನು ಕಾರು ಕೊಡಲಾರದು.

ಸ್ವಿಸ್ ಟ್ರಾವೆಲ್ ಪಾಸ್ ಒಂದಿದ್ದರೆ ರೈಲು, ಬಸ್ಸು, ಸರೋವರದ ದೋಣಿ, ನಗರದ ಟ್ರಾಮ್ ಎಲ್ಲವೂ ಸೇರುತ್ತವೆ. ರಿಗಿ ಬೆಟ್ಟದ ರೈಲೂ ಸೇರಿದೆ. ಯುಂಗ್‌ಫ್ರಾಯೋಖ್‌ನಂಥ ಕಡೆ ಮಾತ್ರ ಪೂರ್ತಿ ಉಚಿತವಲ್ಲ, ರಿಯಾಯಿತಿ ಅಷ್ಟೆ. ತಂದೆ ಅಥವಾ ತಾಯಿಯ ಜೊತೆಗಿರುವ 6ರಿಂದ 15 ವರ್ಷದ ಮಕ್ಕಳಿಗೆ ಉಚಿತ ಫ್ಯಾಮಿಲಿ ಕಾರ್ಡ್ ಸಿಗುವುದರಿಂದ, ಸಂಸಾರಕ್ಕೆ ಕಾರೇ ಅಗ್ಗವೆಂಬ ಲೆಕ್ಕ ಹಲವು ಸಲ ತಲೆಕೆಳಗಾಗುತ್ತದೆ.

ಹೆದ್ದಾರಿಗೆ ಇಳಿಯುವ ಕಾರಿಗೆ 40 ಫ್ರಾಂಕ್‌ನ ವಿನ್ಯೆಟ್, ಅಂದರೆ ಹೆದ್ದಾರಿ ಬಳಕೆಯ ಶುಲ್ಕಪತ್ರ, ಬೇಕು. ಒಂದು ದಿನಕ್ಕಾದರೂ ವರ್ಷಕ್ಕಾದರೂ ದರ ಅದೇ. ಸ್ವಿಸ್ ಕಂಪನಿಯ ಬಾಡಿಗೆ ಕಾರಿನಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆರ್‌ಟಿಒ ಕೊಡುವ, ಒಂದು ವರ್ಷ ನಡೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜೊತೆಗಿದ್ದರೆ ಕ್ಷೇಮ. ಎಡಬದಿಯ ಓಡಾಟಕ್ಕೆ ಒಗ್ಗಿದ ಕೈಗೆ ಬಲಬದಿ ಬೇಗ ರೂಢಿಯಾದೀತು; ಕಷ್ಟವಾಗುವುದು ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮ.

ಆದರೂ ಬೇಸಿಗೆಯ ಕಣಿವೆಹಾದಿಗಳಲ್ಲಿ ಕಾರಿನದೇ ಗೆಲುವು. ಗ್ರಿಮ್ಸೆಲ್, ಫುರ್ಕಾ, ಸುಸ್ಟೆನ್ ಮೂರನ್ನೂ ಸುತ್ತುವ ದಾರಿಯಲ್ಲಿ ಪೋಸ್ಟ್‌ಬಸ್ಸು ದಿನಕ್ಕೆ ಕೆಲವೇ ಬಾರಿ ಓಡುತ್ತದೆ, ಕಂಡಕಂಡಲ್ಲಿ ನಿಲ್ಲುವುದೂ ಇಲ್ಲ. ಹಿಮ ಬಿದ್ದರೆ ಈ ಹಾದಿಗಳು ಮುಚ್ಚುತ್ತವೆ. ಆಗ ಫುರ್ಕಾ ದಾಟಲು ರಿಯಾಲ್ಪ್–ಓಬರ್‌ವಾಲ್ಡ್ ಸುರಂಗದಲ್ಲಿ ಕಾರನ್ನೇ ರೈಲಿಗೆ ಏರಿಸಬೇಕು. ಆದ್ದರಿಂದ ಪ್ರವಾಸದ ಉಳಿದ ಭಾಗವನ್ನು ರೈಲಿಗೆ ಬಿಟ್ಟು, ಜುಲೈನಿಂದ ಸೆಪ್ಟೆಂಬರ್‌ವರೆಗಿನ ದಿನಗಳಲ್ಲಿ ಇಂಟರ್‌ಲಾಕೆನ್‌ನಿಂದ ಒಂದೆರಡು ದಿನಕ್ಕಷ್ಟೇ ಕಾರು ಹಿಡಿದು, ಅಲ್ಲಿಯೇ ಹಿಂದಿರುಗಿಸುವುದು ಒಳ್ಳೆಯದು.