ಸಂಗಾತಿಗೆ ವರ್ಷಕ್ಕೊಂದು ವಿಚಿತ್ರ ಪ್ರಾಣಿ

ಲೋಕದಲ್ಲಿ ಎಲ್ಲೂ ಇಲ್ಲದ ಒಂದು ಪ್ರಾಣಿಯನ್ನು ಮನಸ್ಸಿನಲ್ಲಿ ಕಟ್ಟಿ, ಕೈಯಾರೆ ಬರೆದು, ಹೆಂಡತಿಯ ಅಥವಾ ಗಂಡನ ಹುಟ್ಟುಹಬ್ಬದ ದಿನ ಕೊಡುವುದು. ಮರುವರ್ಷ ಅದೇ ದಿನಕ್ಕೆ ಇನ್ನೊಂದು. ಈ ಹವ್ಯಾಸಕ್ಕೆ ಬೇಕಾದ ಸಾಮಾನು ಒಂದು ಹಾಳೆ, ಒಂದು ಪೆನ್ಸಿಲು, ಸ್ವಲ್ಪ ಮಸಿ. ಬೇಕಾದ ಬಂಡವಾಳ ಮಾತ್ರ ದೊಡ್ಡದು: ಜೊತೆಗಿರುವವರನ್ನು ಇಡೀ ವರ್ಷ ಗಮನಿಸಿರಬೇಕು. ಮುಖಚಿತ್ರ ಬರೆಯಲು ಹೊರಟವರಿಗೆ ಮೂಗು ತಪ್ಪೀತು, ಕಣ್ಣು ವಾರೆಯಾದೀತು ಎಂಬ ಅಳುಕು ಇರುತ್ತದೆ. ಇಲ್ಲದ ಪ್ರಾಣಿಯನ್ನು ಯಾರೂ ಮೂಲದ ಪಕ್ಕದಲ್ಲಿಟ್ಟು ಹೋಲಿಸಲಾರರು. ಹಾಗಾಗಿ ಚಿತ್ರಕಲೆ ಕಲಿಯದವರೂ ಧೈರ್ಯವಾಗಿ ಕೈಹಾಕಬಹುದಾದ ಕೆಲಸವಿದು.

ಕೆಂಪು ಸಮುದ್ರದ ದಂಡೆಯಲ್ಲಿ, ಜೆದ್ದಾದಿಂದ ಉತ್ತರಕ್ಕೆ ಸುಮಾರು 150 ಕಿಲೋಮೀಟರ್ ದೂರವಿರುವ ರಾಬಿಗ್ ಈ ಹವ್ಯಾಸಕ್ಕೆ ಚೆನ್ನಾಗಿ ಒಗ್ಗುವ ಊರು. ಹತ್ತಿರದ ಅಲ್ ಜುಹ್ಫಾ ಮೀಖಾತಿನ, ಅಂದರೆ ಯಾತ್ರೆಯ ಗಡಿತಾಣದ, ಕಾರಣದಿಂದ ಹಜ್ ಯಾತ್ರಿಕರು ಇಹ್ರಾಮ್ ಬಟ್ಟೆ ತೊಡುವ ತಾಣವಾಗಿ ಅದು ಮೊದಲಿನಿಂದ ಹೆಸರಾಗಿತ್ತು. 2005ರಲ್ಲಿ ಸೌದಿ ಆರಾಮ್ಕೊ ಮತ್ತು ಜಪಾನಿನ ಸುಮಿಟೊಮೊ ಕೆಮಿಕಲ್ ಕೂಡಿ ಇಲ್ಲಿ ಪೆಟ್ರೊ ರಾಬಿಗ್ ಎಂಬ ತೈಲ-ರಾಸಾಯನಿಕ ಕಂಪನಿ ಹುಟ್ಟುಹಾಕಿದವು. ಹತ್ತಿರದ ಕಿಂಗ್ ಅಬ್ದುಲ್ಲಾ ಎಕನಾಮಿಕ್ ಸಿಟಿಯ ಘೋಷಣೆಯೂ ಅದೇ ವರ್ಷದ್ದು. ಇಂಥ ಊರುಗಳಲ್ಲಿ ದುಡಿಯುವ ನಮ್ಮವರಲ್ಲಿ ಫ್ಯಾಮಿಲಿ ವೀಸಾ ಸಿಕ್ಕವರ ಸಂಸಾರ ಜೊತೆಗಿರುತ್ತದೆ, ಸಿಗದವರದ್ದು ಮಂಗಳೂರಿನಲ್ಲೋ ಉಡುಪಿಯಲ್ಲೋ ಭಟ್ಕಳದಲ್ಲೋ ಉಳಿಯುತ್ತದೆ. ಗಲ್ಫಿನ ಉಡುಗೊರೆ ಎಂದರೆ ಚಿನ್ನ, ಅತ್ತರು, ಮೊಬೈಲು ಎಂದು ಎರಡು ಕಡೆಯವರಿಗೂ ರೂಢಿಯಾಗಿಬಿಟ್ಟಿದೆ. ಅಂಗಡಿಯಲ್ಲಿ ಸಿಗುವುದಕ್ಕೆ ಅಂಗಡಿಯವನೇ ಬೆಲೆ ಕಟ್ಟಿರುತ್ತಾನೆ. ಶಿಫ್ಟ್ ಮುಗಿಸಿ ಬಂದು ರಾತ್ರಿ ಕೂತು ಬರೆದ ಪ್ರಾಣಿಗೆ ಬೆಲೆ ಕಟ್ಟಬಲ್ಲವರು ಒಬ್ಬರೇ.

ವರ್ಷ ವರ್ಷವೂ ಕೈಯಾರೆ ಚಿತ್ರ ಬರೆದು ಮನೆಯವರಿಗೆ ಕೊಟ್ಟವರಲ್ಲಿ ಹೆಚ್ಚು ಪ್ರಸಿದ್ಧರು ಇಂಗ್ಲಿಷ್ ಲೇಖಕ ಟೋಲ್ಕಿನ್. 1920ರಿಂದ 1943ರವರೆಗೆ ಪ್ರತಿ ಕ್ರಿಸ್‌ಮಸ್‌ಗೂ ಅವರು ತಮ್ಮ ಮಕ್ಕಳಿಗೆ ಉತ್ತರ ಧ್ರುವದ ಕ್ರಿಸ್‌ಮಸ್ ತಾತನ ಹೆಸರಿನಲ್ಲಿ ಸಚಿತ್ರ ಪತ್ರ ಬರೆದರು. ತಾತನ ಅಕ್ಷರ ಮುಪ್ಪಿನಿಂದ ನಡುಗುತ್ತದೆ, ಎಡವಟ್ಟು ಹಿಮಕರಡಿಯ ಅಕ್ಷರ ದಪ್ಪ ದಪ್ಪ; ಲಕೋಟೆಯ ಮೇಲಿನ ಅಂಚೆಚೀಟಿಯೂ ಅವರೇ ಬಿಡಿಸಿದ್ದು. ಲೂಯಿಸ್ ಕ್ಯಾರಲ್ 1864ರ ನವೆಂಬರಿನಲ್ಲಿ ಆಲಿಸ್ ಎಂಬ ಹುಡುಗಿಗೆ ಕೊಟ್ಟ ಕಥೆಯ ಹಸ್ತಪ್ರತಿಯಲ್ಲಿ 37 ಚಿತ್ರಗಳಿವೆ, ಎಲ್ಲವೂ ಅವರದೇ ಕೈಯವು. ಇವರಿಬ್ಬರೂ ಬರೆದದ್ದು ಮಕ್ಕಳಿಗೆ. ಆದರೂ ದಂಪತಿಗಳು ಟೋಲ್ಕಿನ್‌ರಿಂದ ಕಲಿಯಬೇಕಾದದ್ದು ಒಂದಿದೆ: ಒಂದು ವರ್ಷದ ಪಾತ್ರ ಮುಂದಿನ ವರ್ಷಕ್ಕೂ ದಾಟಬೇಕು. ಹಿಮಕರಡಿ ಮರುವರ್ಷ ಮತ್ತೇನು ಅವಾಂತರ ಮಾಡಿತು ಎಂಬ ಕುತೂಹಲವೇ ಆ ಪತ್ರಗಳನ್ನು ಇಪ್ಪತ್ತು ವರ್ಷಕ್ಕೂ ಮೀರಿ ನಡೆಸಿದ್ದು.

ಪ್ರಾಣಿಯನ್ನು ಕಟ್ಟುವ ವಿದ್ಯೆಗೆ ಕನ್ನಡಿಗರು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ, ಹಂಸಗಳ ಸಾಲಿನ ಕೆಳಗೆ, ಮಕರಗಳ ಸಾಲಿದೆ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ. ಐದು ಪ್ರಾಣಿಗಳ ತುಂಡುಗಳಿದ್ದರೂ ನೋಡುವ ಕಣ್ಣಿಗೆ ಅದು ಒಂದೇ ಪ್ರಾಣಿ. ಬೆನ್ನಿನ ಗೆರೆ ಎಲ್ಲೂ ಕಡಿಯದೆ ಸೊಂಡಿಲಿನಿಂದ ಬಾಲದ ಸುರುಳಿಯವರೆಗೆ ಹರಿಯುವುದೇ ಇದರ ಗುಟ್ಟು. ಎರಡು ಪ್ರಾಣಿಗಳು ಕೂಡುವ ಜಾಗದಲ್ಲಿ ಹೊಯ್ಸಳ ಶಿಲ್ಪಿ ಒಂದು ಹಾರವನ್ನೋ ಎಲೆಯ ಗೊಂಚಲನ್ನೋ ಇಟ್ಟು ಬೆಸುಗೆಯನ್ನು ಮುಚ್ಚಿಬಿಡುತ್ತಾನೆ. ಹೊಸದಾಗಿ ಬರೆಯುವವರು ಮೊದಲು ಕದಿಯಬೇಕಾದ ಉಪಾಯವಿದು. ಲಿಯೊನಾರ್ಡೊ ಡ ವಿಂಚಿಯೂ ತನ್ನ ಟಿಪ್ಪಣಿಗಳಲ್ಲಿ ಇಂಥದ್ದೇ ದಾರಿ ತೋರಿಸಿದ್ದಾನೆ: ಕಲ್ಪನೆಯ ಪ್ರಾಣಿ ನಿಜವೆನಿಸಬೇಕಾದರೆ ಅದರ ಒಂದೊಂದು ಅಂಗವೂ ಯಾವುದಾದರೊಂದು ನಿಜವಾದ ಪ್ರಾಣಿಯದಾಗಿರಬೇಕು.

ಬಳ್ಳಿಗಾವಿಯ ಗಂಡಭೇರುಂಡ ಬೇರೆ ಪಾಠ ಹೇಳುತ್ತದೆ. 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಆ ಎತ್ತರದ ಕಂಬದ ವಿಗ್ರಹಕ್ಕೆ ಮನುಷ್ಯನ ಮೈ, ಎರಡು ಹಕ್ಕಿ ತಲೆ. ವಿಜಯನಗರದ ಅಚ್ಯುತದೇವರಾಯನ ಚಿನ್ನದ ನಾಣ್ಯಗಳಿಗೆ ಬರುವಷ್ಟರಲ್ಲಿ ಅದು ಪೂರ್ತಿ ಹಕ್ಕಿಯಾಗಿ, ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನು ಎತ್ತಿಕೊಂಡಿದೆ. ಬೆರಳ ತುದಿಯಷ್ಟು ನಾಣ್ಯದಲ್ಲಿ ಹಕ್ಕಿಯ ಗಾತ್ರ ತೋರಿಸುವುದು ಹೇಗೆ? ಆನೆಯನ್ನು ಅದರ ಕೊಕ್ಕಿಗೆ ಕೊಟ್ಟರೆ ಮುಗಿಯಿತು. ಬೇಲೂರಿನ ಕೆತ್ತನೆಯೊಂದು ಇದನ್ನೇ ಸರಪಳಿಯಾಗಿ ಹೆಣೆದಿದೆ: ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿದೆ. ಉಡುಗೊರೆಯ ಪ್ರಾಣಿ ದೊಡ್ಡದಾಗಿರಬೇಕೆಂದರೆ ಹಾಳೆ ದೊಡ್ಡದಾಗಬೇಕಿಲ್ಲ. ಅದರ ಕಾಲ ಬಳಿ ಮನೆಯ ಸ್ಕೂಟರನ್ನು ಸಣ್ಣದಾಗಿ ಬರೆದರೆ ಸಾಕು. ದೇವತೆಗಳ ರೂಪ, ಬಣ್ಣ, ಕೈಯಲ್ಲಿ ಏನಿರಬೇಕು ಎಂಬುದನ್ನೆಲ್ಲ ಕೂಡಿಸಿಟ್ಟ ಸಚಿತ್ರ ಗ್ರಂಥ ನೋಡಬೇಕೆನ್ನುವವರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ ಇದೆ.

ಅರಬ್ಬರ ಕಡೆಯ ಭಂಡಾರವೂ ಚಿಕ್ಕದಲ್ಲ. ಹದಿಮೂರನೆಯ ಶತಮಾನದ ಝಕರಿಯಾ ಅಲ್ ಖಜ್ವೀನಿ ಬರೆದ, ಸೃಷ್ಟಿಯ ಅಚ್ಚರಿಗಳನ್ನು ವಿವರಿಸುವ ಗ್ರಂಥದಲ್ಲಿ ನಕ್ಷತ್ರ, ಗಿಡ, ಖನಿಜ, ಮೀನುಗಳ ನಡುವೆಯೇ ವಿಚಿತ್ರ ಜೀವಿಗಳೂ ಬರುತ್ತವೆ. ಇರಾಕಿನ ವಾಸಿತ್‌ನಲ್ಲಿ 1280ರಲ್ಲಿ, ಅಂದರೆ ಲೇಖಕ ಬದುಕಿರುವಾಗಲೇ ಸಿದ್ಧವಾದ ಅದರ ಸಚಿತ್ರ ಪ್ರತಿ ಈಗ ಮ್ಯೂನಿಕ್‌ನಲ್ಲಿದೆ. ಖಜ್ವೀನಿಯ ದೊಡ್ಡ ಗುಣವೆಂದರೆ ಗಾಂಭೀರ್ಯ. ವಿಚಿತ್ರ ಜೀವಿಯ ವಾಸಸ್ಥಳ, ಸ್ವಭಾವಗಳನ್ನೂ ನಿಜದ ಪ್ರಾಣಿಗಳಷ್ಟೇ ಶ್ರದ್ಧೆಯಿಂದ ಹೇಳುತ್ತಾರೆ. ಉಡುಗೊರೆಯ ಚಿತ್ರದ ಕೆಳಗೂ ಹೀಗೆ ನಾಲ್ಕು ಸಾಲು ಇದ್ದರೆ ಪ್ರಾಣಿಗೆ ಜೀವ ಬರುತ್ತದೆ. ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾರು ಕರೆದರೆ ಮಾತ್ರ ಬರುತ್ತದೆ.

ಅಂಗಾಂಗಗಳನ್ನು ಆರಿಸುವಾಗ ರಾಬಿಗ್ ನೆರವಿಗೆ ಬರುತ್ತದೆ. ಕೆಂಪು ಸಮುದ್ರದಲ್ಲಿ ಕಡಲಹಸು ಇದೆ. ಹಲ್ಲುಗಳೆಲ್ಲ ಕೂಡಿ ಕೊಕ್ಕಾಗಿರುವ, ಹವಳದ ಬಂಡೆಯನ್ನು ಕೆರೆದು ಮರಳು ಮಾಡುವ ಗಿಳಿಮೀನು ಇದೆ. ದಡಕ್ಕೆ ಬಂದರೆ ಮುಳ್ಳುಬಾಲದ ದಬ್ ಹಲ್ಲಿ, ಚಂದ್ರಮುಕುಟ ಹಕ್ಕಿ, ಒಂಟೆ. ಇವೆಲ್ಲಕ್ಕಿಂತ ಹತ್ತಿರದಿಂದ ನೋಡಬೇಕಾದದ್ದು ಈ ಕರಾವಳಿಯ ಮರಳಿನ ಏಡಿ. ಕಣ್ಣುಗಳು ದಂಟಿನ ಮೇಲೆ ನೆಟ್ಟಗೆ ನಿಂತಿರುತ್ತವೆ, ಒಂದು ಕೊಂಬು ಇನ್ನೊಂದಕ್ಕಿಂತ ದಪ್ಪ. ಗಂಡು ಏಡಿ ಸುರುಳಿಯಾಗಿ ಬಿಲ ತೋಡಿ, ಹಿಡಿ ಹಿಡಿಯಾಗಿ ಮರಳು ಹೊತ್ತು ತಂದು, ಸ್ವಲ್ಪ ದೂರದಲ್ಲಿ ಗೋಪುರದಂತೆ ರಾಶಿ ಹಾಕಿ ತಟ್ಟುತ್ತದೆ. ಓಡಾಡಿ ಓಡಾಡಿ ಗೋಪುರಕ್ಕೂ ಬಿಲಕ್ಕೂ ನಡುವೆ ಒಂದು ಕಾಲುದಾರಿ ಮೂಡುತ್ತದೆ. ಇಷ್ಟೆಲ್ಲ ಶ್ರಮ ಹೆಣ್ಣು ಏಡಿಯ ಕಣ್ಣಿಗೆ ಬೀಳಲೆಂದು. ಸಂಗಾತಿಗಾಗಿ ಬರೆಯುವ ಪ್ರಾಣಿಗೆ ಇದಕ್ಕಿಂತ ತಕ್ಕ ಕಾಲು, ಕೊಂಬು ಬೇರೆ ಕಡೆ ಸಿಗುವುದು ಕಷ್ಟ.

ಆದರೆ ಅಂಗಗಳು ಕಣ್ಣಿಗೆ ಕಂಡಂತೆಲ್ಲ ಬಂದು ಕೂರಬಾರದು; ಅವು ಸಂಗಾತಿಯ ಆ ವರ್ಷದೊಳಗಿಂದ ಬರಬೇಕು. ಹೆಂಡತಿ ಕಾರು ಕಲಿತ ವರ್ಷದ ಪ್ರಾಣಿಗೆ ಹಿಂದೆಯೂ ನೋಡುವ ದಂಟುಗಣ್ಣು ಇರಲಿ. ಗಂಡ ರಾತ್ರಿ ಪಾಳಿಯಲ್ಲಿ ಸವೆದ ವರ್ಷದ್ದು ಹಗಲೆಲ್ಲ ರೆಕ್ಕೆ ಹೊದ್ದು ಮಲಗಲಿ. ಅವರ ಕೊರತೆಯನ್ನು ಆಡಿಕೊಳ್ಳುವ ಪ್ರಾಣಿ ಬೇಡವೇ ಬೇಡ: ಗೊರಕೆ, ತೂಕ, ಅತ್ತೆಮನೆಯ ಜಗಳ ಯಾವುದೂ ಹಾಳೆಗೆ ಇಳಿಯಬಾರದು, ಏಕೆಂದರೆ ಆ ಹಾಳೆ ಮನೆಯಲ್ಲಿ ಹತ್ತಾರು ವರ್ಷ ಇರುತ್ತದೆ. ಬರೆಯುವಾಗ ಮೊದಲು ಎಲುಬು. ಭಾರ ಯಾವ ಕಾಲಿನ ಮೇಲಿದೆ, ಕುತ್ತಿಗೆ ಎಲ್ಲಿಂದ ಹೊರಡುತ್ತದೆ, ರೆಕ್ಕೆಯ ಬುಡ ಭುಜದ ಎಲುಬಿಗೆ ಕೂಡಿದೆಯೇ ಎಂಬುದನ್ನು ಪೆನ್ಸಿಲಿನಲ್ಲಿ ತೀರ್ಮಾನಿಸಿದ ಮೇಲೆಯೇ ಚರ್ಮ, ಗರಿ, ಚಿಪ್ಪು. ಬಣ್ಣ ಎರಡು ಮೂರಕ್ಕೆ ನಿಂತರೆ ಒಳ್ಳೆಯದು.

ಹತ್ತು ವರ್ಷ ತುಂಬಿದಾಗ ಮಾಡಬಹುದಾದ ಒಂದು ದೊಡ್ಡ ಚಿತ್ರವಿದೆ. ಮೊಗಲ್ ಮತ್ತು ದಖ್ಖನಿ ಕಲಾವಿದರು ಆನೆ, ಕುದುರೆ, ಒಂಟೆಗಳ ಹೊರಗೆರೆ ಎಳೆದು, ಒಳಗನ್ನೆಲ್ಲ ಮನುಷ್ಯರು, ಮೃಗಗಳು, ಹಕ್ಕಿಗಳಿಂದ ಒಂದಕ್ಕೊಂದು ಹೆಣೆದು ತುಂಬುತ್ತಿದ್ದರು. ಅದೇ ಕ್ರಮದಲ್ಲಿ ಹಿಂದಿನ ಒಂಬತ್ತು ಪ್ರಾಣಿಗಳನ್ನು ಹತ್ತನೆಯದರ ಮೈಯೊಳಗೆ ಸೇರಿಸಬಹುದು. ಅದಕ್ಕಾಗಿ ಮೊದಲ ವರ್ಷದಿಂದಲೇ ಎಲ್ಲ ಹಾಳೆಗಳೂ ಒಂದೇ ಅಳತೆಯವಾಗಿರಲಿ, ಬೆನ್ನಲ್ಲಿ ದಿನಾಂಕವೂ ಪ್ರಾಣಿಯ ಹೆಸರೂ ಇರಲಿ.

ಕಾಪಾಡುವ ವಿಚಾರದಲ್ಲಿ ರಾಬಿಗ್‌ಗೂ ಮಂಗಳೂರಿಗೂ ಒಂದೇ ಶತ್ರು, ಕಡಲ ತೇವ. ಚದರ ಮೀಟರಿಗೆ 300 ಗ್ರಾಂ ತೂಗುವ ಜಲವರ್ಣದ ಕಾಗದ ಬೇಗ ಸುರುಟುವುದಿಲ್ಲ. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ನೀರಿಗೆ ಕದಡದ ಕಪ್ಪು ಇಂಡಿಯನ್ ಇಂಕು ನಿಲ್ಲುತ್ತದೆ. ಜೀವಿಗಳ ಚಿತ್ರ ಗೋಡೆಗೆ ಹಾಕುವುದನ್ನು ಒಪ್ಪದ ಮನೆಗಳೂ ಇವೆ. ಅಲ್ಲಿ ಹಾಳೆಗಳು ಫೈಲಿನೊಳಗಿರಲಿ, ಬಿಸಿಲೂ ತಾಗುವುದಿಲ್ಲ. ಪ್ರವಾದಿಯವರ ವಾಹನವಾದ ಬುರಾಕ್‌ನಂಥ ಪವಿತ್ರ ರೂಪಗಳನ್ನು ಆಟಕ್ಕೆ ಎಳೆಯದಿರುವುದು ಮರ್ಯಾದೆ. ಸಂಗಾತಿ ಊರಿನಲ್ಲಿದ್ದರೆ ಹುಟ್ಟುಹಬ್ಬದ ದಿನ ವಾಟ್ಸಾಪಿನಲ್ಲಿ ಫೋಟೊ ಹೋಗಲಿ. ಮೂಲ ಹಾಳೆಯನ್ನು ಮಡಿಸದೆ, ಎರಡು ರಟ್ಟುಗಳ ನಡುವೆ ಇಟ್ಟು, ರಜೆಗೆ ಹೋಗುವಾಗ ಕೈಚೀಲದಲ್ಲೇ ಒಯ್ಯಬೇಕು.