ಲಿಟಲ್ ಸಿಮ್ಜ್ ಸಂಗೀತವನ್ನು ಆಲಿಸುವ ಬಗೆ

1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ಹುಟ್ಟಿದ ಹಿಪ್ ಹಾಪ್, ಬೇರೆ ಬೇರೆ ಧ್ವನಿಮುದ್ರಿಕೆಗಳ ತುಣುಕುಗಳನ್ನೇ ಕಚ್ಚಾವಸ್ತುವಾಗಿ ಬಳಸಿಕೊಂಡು ಬೆಳೆದ ಕಲೆಯಾದ್ದರಿಂದ, ಬೆರಕೆ ಎಂಬುದು ಅದರ ಹುಟ್ಟುಗುಣವೇ ಆಗಿದೆ. ಹೀಗಿರುವಾಗ ಹಲವು ಪ್ರಕಾರಗಳನ್ನು ಬೆಸೆಯುವ ಕಲಾವಿದರ ಹಾಡಿನಲ್ಲಿ ಏನೇನು ಸೇರಿದೆ ಎಂದು ಪಟ್ಟಿ ಮಾಡುವುದಕ್ಕಿಂತ, ಯಾವ ಮಾತಿಗೆ ಯಾವ ನಾದವನ್ನು ಏಕೆ ಆರಿಸಲಾಗಿದೆ ಎಂದು ವಿಚಾರಿಸುವುದು ಹೊಸ ಕೇಳುಗರಿಗೆ ಹೆಚ್ಚು ಫಲ ಕೊಡುತ್ತದೆ. 1994ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ, ನೈಜೀರಿಯಾದ ಯೊರುಬಾ ಮೂಲದ ಕುಟುಂಬದಲ್ಲಿ ಜನಿಸಿದ ಸಿಂಬಿಯಾಟು ಅಜಿಕಾವೊ, ಅಂದರೆ ಲಿಟಲ್ ಸಿಮ್ಜ್, ಅವರ ಕೃತಿಗಳು ಈ ಅಭ್ಯಾಸಕ್ಕೆ ಬಹಳ ತಕ್ಕವು.

ಮೊದಲು ಕಿವಿಗೊಡಬೇಕಾದುದು ಧ್ವನಿಗೆ. ಹಿಪ್ ಹಾಪ್‌ನಲ್ಲಿ ಮಾತನ್ನು ಲಯಕ್ಕೆ ತಕ್ಕಂತೆ ನುಡಿಯುವ ಕಲೆಯಾದ ರ‍್ಯಾಪ್‌ನಲ್ಲಿ ನಾಲ್ಕು ಎಣಿಕೆಗಳ ಒಂದು ಆವರ್ತವನ್ನು ‘ಬಾರ್’ ಎಂದೂ, ಆ ಎಣಿಕೆಗಳ ಮೇಲೆ, ಹಿಂದೆ, ಮುಂದೆ ಅಕ್ಷರಗಳನ್ನು ಹರಡುವ ರೀತಿಯನ್ನು ‘ಫ್ಲೋ’ ಎಂದೂ ಕರೆಯುತ್ತಾರೆ. ಕನ್ನಡ ಛಂದಸ್ಸಿಗೆ ಒಗ್ಗಿದ ಕಿವಿ ಇಲ್ಲಿ ತುಸು ಹೊಂದಿಕೊಳ್ಳಬೇಕಾಗುತ್ತದೆ; ಏಕೆಂದರೆ ನಮ್ಮ ದ್ವಿತೀಯಾಕ್ಷರ ಪ್ರಾಸದಲ್ಲಿ ವ್ಯಂಜನ ನಿಂತು ಸ್ವರ ಬದಲಾಗಬಹುದಾದರೆ, ರ‍್ಯಾಪ್‌ನಲ್ಲಿ ಹೆಚ್ಚಾಗಿ ಸ್ವರಗಳ ಸಾಲು ನಿಂತು ವ್ಯಂಜನಗಳು ಬದಲಾಗುತ್ತವೆ, ಮತ್ತು ಪ್ರಾಸ ಸಾಲಿನ ನಡುವೆಯೂ ಎಲ್ಲೆಂದರಲ್ಲಿ ಬರುತ್ತದೆ. ಸಿಮ್ಜ್ ಅವರ ಉಚ್ಚಾರಣೆ ಸ್ಫುಟವಾಗಿದ್ದು ಧ್ವನಿಯ ಏರಿಳಿತ ಮಿತವಾಗಿರುವುದರಿಂದ, ಭಾವದ ತಿರುವುಗಳನ್ನು ಅವರ ಫ್ಲೋ ದಟ್ಟವಾಗುವ ಮತ್ತು ತೆಳುವಾಗುವ ಜಾಗಗಳಲ್ಲಿ ಹುಡುಕಬೇಕು.

ಧ್ವನಿ ಪರಿಚಯವಾದ ಮೇಲೆ 2019ರ ‘ಗ್ರೇ ಏರಿಯಾ’ ಆಲ್ಬಮ್ಮನ್ನು ಕೈಗೆತ್ತಿಕೊಳ್ಳಬಹುದು. ಇದರ ನಿರ್ಮಾಪಕ ಇನ್‌ಫ್ಲೋ. ಹಿಪ್ ಹಾಪ್‌ನಲ್ಲಿ ನಿರ್ಮಾಪಕನೆಂದರೆ ಹಣ ಹೂಡುವವನಲ್ಲ, ಹಾಡಿನ ನಾದರಚನೆಯನ್ನು ರೂಪಿಸುವವನು. ‘ಬಾಸ್’ ಹಾಡಿನಲ್ಲಿ ಸಿಮ್ಜ್ ಅವರ ಕಂಠವನ್ನೇ ಕರ್ಕಶವಾಗುವಂತೆ ವಿರೂಪಗೊಳಿಸಿ ರಾಕ್ ಸಂಗೀತದ ಒರಟುತನ ತರಲಾಗಿದ್ದರೆ, ‘ವೆನಮ್’ನಲ್ಲಿ ತಂತಿವಾದ್ಯಗಳ ಬಿಗುವಿನ ಮೇಲೆ ಉಸಿರಿಗೆ ಎಡೆಗೊಡದಂತೆ ಪದಗಳು ಮುನ್ನುಗ್ಗುತ್ತವೆ. ಬಾಲ್ಯದ ನೆನಪುಗಳ ‘101 ಎಫ್‌ಎಂ’ ಗ್ರೈಮ್‌ನ ಕಡೆಗೆ ಹೊರಳುತ್ತದೆ. 2000ರ ಸುಮಾರಿಗೆ ಪೂರ್ವ ಲಂಡನ್ನಿನಲ್ಲಿ ರೂಪುಗೊಂಡು, ಪರವಾನಗಿಯಿಲ್ಲದ ರೇಡಿಯೊ ಕೇಂದ್ರಗಳ ಮೂಲಕ ಹಬ್ಬಿದ, ವೇಗದ ನಡೆಯ ಎಲೆಕ್ಟ್ರಾನಿಕ್ ಶೈಲಿಯೇ ಗ್ರೈಮ್. ಆ ತಲೆಮಾರಿನ ಲಂಡನ್ನಿನ ಬಾಲ್ಯವನ್ನು ಹೇಳಲು ಅದಕ್ಕಿಂತ ಸಹಜವಾದ ನಾದ ಮತ್ತೊಂದಿರಲಾರದು.

ಮಾತು ಮತ್ತು ನಾದಗಳ ಈ ಹೊಂದಾಣಿಕೆ ಹೆಚ್ಚು ವಿಸ್ತಾರ ಪಡೆಯುವುದು 2021ರ ‘ಸಮ್‌ಟೈಮ್ಸ್ ಐ ಮೈಟ್ ಬಿ ಇಂಟ್ರೋವರ್ಟ್’ ಆಲ್ಬಮ್ಮಿನಲ್ಲಿ. ಮೊದಲ ಹಾಡು ‘ಇಂಟ್ರೋವರ್ಟ್’ ಅಂತರ್ಮುಖಿಯ ತಳಮಳವನ್ನು ಕುರಿತದ್ದಾದರೂ, ದಂಡಯಾತ್ರೆಗೆ ಹೊರಟಂತೆ ಕಹಳೆ, ಡ್ರಮ್ಮು ಮತ್ತು ವೃಂದಗಾನಗಳೊಂದಿಗೆ ತೆರೆದುಕೊಳ್ಳುತ್ತದೆ. ಒಳಗಿನ ಕದನವನ್ನು ಹೊರಗಿನ ಕದನದಷ್ಟೇ ದೊಡ್ಡದಾಗಿಸುವ ಈ ವಿರೋಧವೇ ಹಾಡಿನ ಜೀವ. ‘ಟೂ ವರ್ಲ್ಡ್ಸ್ ಅಪಾರ್ಟ್’ ಅಮೆರಿಕದ ಗಾಯಕ ಸ್ಮೋಕಿ ರಾಬಿನ್ಸನ್ ಅವರ 1975ರ ಹಾಡೊಂದರ ತುಣುಕಿನ ಮೇಲೆ ನಿಂತಿದೆ. ಹೀಗೆ ಹಳೆಯ ಮುದ್ರಣದ ಅಂಶವನ್ನು ಎತ್ತಿ ಹೊಸದನ್ನು ಕಟ್ಟುವ ವಿಧಾನಕ್ಕೆ ‘ಸ್ಯಾಂಪ್ಲಿಂಗ್’ ಎಂದು ಹೆಸರು. ‘ಪಾಯಿಂಟ್ ಅಂಡ್ ಕಿಲ್’ ಮತ್ತು ಅದರ ಬೆನ್ನಿಗೇ ಬರುವ ‘ಫಿಯರ್ ನೋ ಮ್ಯಾನ್’ ಹಾಡುಗಳು ಆಫ್ರೋಬೀಟ್‌ಗೆ ಹತ್ತಿರವಾದವು. ಯೊರುಬಾ ಲಯಗಳನ್ನು ಜಾಝ್ ಮತ್ತು ಫಂಕ್‌ಗಳೊಡನೆ ಬೆಸೆದು, ಫೆಲಾ ಕುಟಿ ಮತ್ತು ಅವರ ಡ್ರಮ್ ವಾದಕ ಟೋನಿ ಆಲನ್ ನೈಜೀರಿಯಾದಲ್ಲಿ ಬೆಳೆಸಿದ ಈ ಶೈಲಿಯನ್ನು ಸಿಮ್ಜ್ ತಮ್ಮ ಮನೆತನದ ಮೂಲಕ್ಕೆ ಮರಳುವ ದಾರಿಯಾಗಿ ಬಳಸುತ್ತಾರೆ. ಹಾಡುಗಳ ನಡುವೆ ನಟನೆಗೆ ಹೆಸರಾದ ಎಮ್ಮಾ ಕೊರಿನ್ ಅವರ ಧ್ವನಿಯಲ್ಲಿ ನಿರೂಪಣೆಯೂ ಇರುವುದರಿಂದ ಈ ಆಲ್ಬಮ್ಮನ್ನು ಬಿಡಿಬಿಡಿಯಾಗಿ ಕೇಳದೆ ಕ್ರಮವಾಗಿ ಕೇಳುವುದು ಲೇಸು.

ಇಂಥ ಆಯ್ಕೆಗಳ ಹಿಂದಿನ ಆರ್ಥಿಕ ನೆಲೆಯನ್ನೂ ರಸಿಕರು ಅರಿತಿರಬೇಕು. 2015ರ ಚೊಚ್ಚಲ ಆಲ್ಬಮ್ಮಿನಿಂದಲೇ ಸಿಮ್ಜ್ ತಮ್ಮದೇ ‘ಏಜ್ 101’ ಸಂಸ್ಥೆಯ ಮೂಲಕ ಕೃತಿಗಳನ್ನು ಹೊರತಂದವರು. ‘ಸ್ವತಂತ್ರ ಕಲಾವಿದೆ’ ಎಂದರೆ ವಿತರಣೆಗೆ ಇತರರ ನೆರವು ಪಡೆದರೂ ನಿರ್ಧಾರದ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಳ್ಳುವವರು. ಮಾರುಕಟ್ಟೆಗೆ ಸುಲಭವಾಗಿ ಒಪ್ಪುವ ಒಂದೇ ಅಚ್ಚಿಗೆ ಅವರು ಬೀಳದಿರುವುದಕ್ಕೆ ಈ ಹಕ್ಕು ಕಾರಣವಾದಂತೆ, ಖರ್ಚಿನ ಹೊರೆ ಅವರ ಹೆಗಲ ಮೇಲೇ ಬೀಳುವುದಕ್ಕೂ ಅದೇ ಕಾರಣ. 2022ರ ಏಪ್ರಿಲ್‌ನಲ್ಲಿ, ಸ್ವತಂತ್ರ ಕಲಾವಿದೆಯಾಗಿ ನಷ್ಟ ಭರಿಸಲಾಗದೆಂದು ತಿಳಿಸಿ ಅಮೆರಿಕದ ಪ್ರವಾಸವನ್ನು ಕೈಬಿಟ್ಟ ಅವರಿಗೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಮರ್ಕ್ಯುರಿ ಪ್ರಶಸ್ತಿ ಸಂದಿತು. ಡಿಸೆಂಬರ್‌ನಲ್ಲಿ ಬಂದ ‘ನೋ ಥ್ಯಾಂಕ್ ಯೂ’ ಸಂಗೀತೋದ್ಯಮದ ವಿರುದ್ಧವೇ ಮಾತನಾಡಿತು. 2025ರ ‘ಲೋಟಸ್’ನಲ್ಲಿ ಅವರು ಇನ್‌ಫ್ಲೋ ಬದಲಿಗೆ ಮೈಲ್ಸ್ ಕ್ಲಿಂಟನ್ ಜೇಮ್ಸ್ ಎಂಬ ನಿರ್ಮಾಪಕರೊಡನೆ ಕೆಲಸ ಮಾಡಿದರು.

ಹೊಸಬರು ಪ್ರತಿ ಹಾಡನ್ನೂ ಮೂರು ಬಾರಿ ಆಲಿಸುವುದು ಒಳ್ಳೆಯದು: ಮೊದಲು ಕಂಠದ ಲಯಕ್ಕಾಗಿ, ಬಳಿಕ ವಾದ್ಯಗಳಿಗಾಗಿ, ಕೊನೆಗೆ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು. ಮೂರನೆಯ ಬಾರಿಗೆ, ಈ ಮಾತಿಗೆ ಬೇರೊಂದು ಶೈಲಿ ಒಗ್ಗುತ್ತಿತ್ತೇ ಎಂಬ ಪ್ರಶ್ನೆಯನ್ನು ಹಾಕಿಕೊಳ್ಳಬೇಕು. ಒಗ್ಗುತ್ತಿತ್ತು ಎನಿಸಿದರೆ ಆ ಬೆರಕೆ ಬರಿಯ ಅಲಂಕಾರ; ಒಗ್ಗುತ್ತಿರಲಿಲ್ಲ ಎನಿಸಿದರೆ ಅಲ್ಲಿ ರಚನೆ ಸಿದ್ಧಿಸಿದೆ ಎಂದು ತಿಳಿಯಬಹುದು.