ಕಾಣದವಳ ಋಣ

ಪ್ರೀತಿ ಒಂದು ಕಡೆ, ಕರ್ತವ್ಯ ಇನ್ನೊಂದು ಕಡೆ ಎಂದಕೂಡಲೇ ನಮ್ಮ ಕಣ್ಣಿಗೆ ಕಾಣುವುದು ಸಿಂಹಾಸನ. ಪ್ರಜೆಗಳ ಮಾತಿಗೆ ತಲೆಬಾಗಿ ರಾಮ ಸೀತೆಯನ್ನು ಕಾಡಿಗೆ ಕಳಿಸುತ್ತಾನೆ. ಆ ಸಂಕಟದ ತಳ ಮುಟ್ಟಿದ ಭವಭೂತಿ ಕೂಡ ‘ಉತ್ತರರಾಮಚರಿತ’ವನ್ನು ಗಂಡಹೆಂಡಿರ ಮಿಲನದಲ್ಲೇ ಮುಗಿಸಿದ. ಜಪಾನಿನ ಚಿಕಾಮಾತ್ಸು ಮೊನ್‌ಜಾಎಮೊನ್ ಅದೇ ಜಗ್ಗಾಟವನ್ನು ರಾಜಮನೆತನದಿಂದ ಇಳಿಸಿ ಒಸಾಕಾದ ಒಂದು ಕಾಗದದಂಗಡಿಗೆ ತಂದ. ರಾಜ್ಯ ಉರುಳುವುದಿಲ್ಲ, ಯುದ್ಧ ನಡೆಯುವುದಿಲ್ಲ. ಸಾಲ ತೀರಿಸಬೇಕಾದ ದಿನ ಹತ್ತಿರವಾಗುತ್ತಿರುತ್ತದೆ, ಅಷ್ಟೇ. ‘ಅಮಿಜಿಮಾದ ಜೋಡಿ ಆತ್ಮಹತ್ಯೆ’ ಎಂಬ ಈ ಗೊಂಬೆನಾಟಕವನ್ನು ನಾನು ಜಗತ್ತಿನ ದೊಡ್ಡ ದುರಂತ ನಾಟಕಗಳ ಸಾಲಿನಲ್ಲಿ ಯಾವ ಹಿಂಜರಿಕೆಯೂ ಇಲ್ಲದೆ ಇಡುತ್ತೇನೆ.

1720ರ ಕೊನೆಯ ತಿಂಗಳುಗಳಲ್ಲಿ, ಒಸಾಕಾದ ಅಮಿಜಿಮಾ ಎಂಬಲ್ಲಿ ದೈಚೋಜಿ ದೇವಾಲಯದ ಬಳಿ ಒಬ್ಬ ಕಾಗದದ ವ್ಯಾಪಾರಿ ಮತ್ತು ಒಬ್ಬ ವೇಶ್ಯೆ ಒಟ್ಟಿಗೆ ಪ್ರಾಣ ಕಳೆದುಕೊಂಡರು. ಎರಡು ತಿಂಗಳೊಳಗೆ, 1721ರ ಜನವರಿ ಆರಂಭದಲ್ಲಿ, ಅವರ ಕತೆ ತಾಕೆಮೊತೊ ರಂಗಮಂದಿರದಲ್ಲಿ ರಂಗದ ಮೇಲಿತ್ತು. ಆಗ ಚಿಕಾಮಾತ್ಸುವಿಗೆ ಅರವತ್ತೇಳು ದಾಟಿತ್ತು. ಸಮುರಾಯ್ ಮನೆತನದಲ್ಲಿ ಹುಟ್ಟಿ, ಆ ಬದುಕನ್ನು ಬಿಟ್ಟು ಗೊಂಬೆಯಾಟಕ್ಕೆ ಬರೆಯಲು ಕೂತವನು ಅವನು. 1703ರಲ್ಲಿ ಇಂಥದೇ ನಿಜ ಘಟನೆಯೊಂದರ ಮೇಲೆ ಬರೆದ ‘ಸೊನೆಜಾಕಿಯ ಜೋಡಿ ಆತ್ಮಹತ್ಯೆ’ ಸಾಲದಲ್ಲಿ ಮುಳುಗಿದ್ದ ಇದೇ ರಂಗಮಂದಿರವನ್ನು ಮೇಲೆತ್ತಿತ್ತು. ಅದು ಚೆಲುವಾದ ನಾಟಕ. ಆದರೆ ಅದರಲ್ಲಿ ಮೋಸ ಮಾಡುವ ಗೆಳೆಯನೊಬ್ಬನಿದ್ದಾನೆ, ಪ್ರೇಮಿಗಳ ಸಾವಿಗೆ ಹೊರಗಿನಿಂದ ಒಂದು ಕಾರಣ ಸಿಗುತ್ತದೆ. ‘ಅಮಿಜಿಮಾ’ದ ಹೊತ್ತಿಗೆ ಅಂಥ ಊರುಗೋಲು ಅವನಿಗೆ ಬೇಕಾಗಿರಲಿಲ್ಲ.

ಕತೆ ಹೀಗಿದೆ. ತೆನ್ಮಾ ಬೀದಿಯಲ್ಲಿ ಜಿಹೇಯ ಕಾಗದದಂಗಡಿ. ಹೆಂಡತಿ ಒಸಾನ್, ಇಬ್ಬರು ಪುಟ್ಟ ಮಕ್ಕಳು. ಸಂಬಂಧದೊಳಗೇ ಆದ ಮದುವೆ. ಹೆಂಡತಿಯ ತಾಯಿ ಅವನಿಗೂ ನೆಂಟಳೇ. ಹೀಗಾಗಿ ಒಂದು ಕಡೆ ಎಡವಿದರೆ ಎರಡು ಮನೆಯ ಮಾನ ಹೋಗುವ ಪರಿಸ್ಥಿತಿ. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಿಹೇ ಸೊನೆಜಾಕಿಯ ವೇಶ್ಯಾಗೃಹವೊಂದರಲ್ಲಿರುವ ಕೊಹಾರುವನ್ನು ಪ್ರೀತಿಸುತ್ತಾನೆ. ಅವಳನ್ನು ಹಣ ಕೊಟ್ಟು ಬಿಡಿಸಿಕೊಳ್ಳುವ ತಾಕತ್ತು ಅವನಿಗಿಲ್ಲ. ಪ್ರತಿ ತಿಂಗಳ ಮೊದಲಿಗೆ ಒಂದರಂತೆ ಇಬ್ಬರೂ ಆಣೆಪತ್ರ ಬರೆದುಕೊಂಡಿದ್ದಾರೆ. ಒಟ್ಟು ಇಪ್ಪತ್ತೊಂಬತ್ತು ಪತ್ರಗಳು. ಬೇರೆ ದಾರಿ ಕಾಣದೆ ಒಟ್ಟಿಗೆ ಸಾಯುವ ಮಾತಾಗಿದೆ.

ಮೊದಲ ಅಂಕದಲ್ಲಿ ಕೊಹಾರು ಆ ಮಾತನ್ನು ಮುರಿಯುತ್ತಾಳೆ. ತನ್ನನ್ನು ನೋಡಲು ಬಂದ ಸಮುರಾಯ್ ಒಬ್ಬನ ಮುಂದೆ ಬಾಯಿಬಿಟ್ಟು, ತನಗೆ ಸಾಯಲು ಇಷ್ಟವಿಲ್ಲ, ಜಿಹೇ ಹತ್ತಿರ ಬರದಂತೆ ನೀವೇ ನನ್ನ ಗಿರಾಕಿಯಾಗಿ ಕಾಪಾಡಿ ಎಂದು ಬೇಡಿಕೊಳ್ಳುತ್ತಾಳೆ. ಮುಪ್ಪಿನ ತಾಯಿ ತನ್ನನ್ನೇ ನೆಚ್ಚಿದ್ದಾಳೆ ಎನ್ನುತ್ತಾಳೆ. ಅದೂ ಸುಳ್ಳಲ್ಲ. ಹೊರಗೆ ಜಾಲಂಧ್ರದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಜಿಹೇ ಕತ್ತಿ ತೂರಿಸಿ ಅವಳನ್ನು ಇರಿಯಲು ನೋಡುತ್ತಾನೆ. ಸಮುರಾಯ್ ಅವನ ಕೈಗಳನ್ನು ಆ ಜಾಲಂಧ್ರಕ್ಕೇ ಕಟ್ಟಿಹಾಕುತ್ತಾನೆ. ಆಮೇಲೆ ತಿಳಿಯುತ್ತದೆ, ಆ ಸಮುರಾಯ್ ಬೇರೆ ಯಾರೂ ಅಲ್ಲ, ವೇಷ ಹಾಕಿ ಬಂದ ಜಿಹೇಯ ಅಣ್ಣ, ಹಿಟ್ಟಿನ ವ್ಯಾಪಾರಿ ಮಾಗೋಎಮೊನ್. ಆಣೆಪತ್ರಗಳನ್ನು ಹಿಂದಿರುಗಿಸುವಾಗ ಕೊಹಾರುವಿನ ಕಟ್ಟಿನಲ್ಲಿ ಇನ್ನೊಂದು ಪತ್ರ ಅಣ್ಣನ ಕೈಗೆ ಸಿಗುತ್ತದೆ. ಅದು ಹೆಂಗಸಿನ ಕೈಬರಹ. ಕಳಿಸಿದವರ ಹೆಸರು ನೋಡುಗರಿಗೆ ಸಿಗುತ್ತದೆ, ಜಿಹೇಗೆ ಸಿಗುವುದಿಲ್ಲ. ಅಣ್ಣ ಬಾಯಿಮುಚ್ಚಿಕೊಂಡು ಅದನ್ನು ಒಳಗಿಟ್ಟುಕೊಳ್ಳುತ್ತಾನೆ. ಜಿಹೇ ಕೊಹಾರುವಿನ ಹಣೆಗೆ ಒದ್ದು ಹೊರಟುಹೋಗುತ್ತಾನೆ.

ಆ ಪತ್ರ ಬರೆದವಳು ಒಸಾನ್. ನನ್ನ ಗಂಡನನ್ನು ಬಿಟ್ಟುಬಿಡು, ಅವನ ಜೀವ ಉಳಿಸು, ಇದು ಹೆಂಗಸು ಹೆಂಗಸನ್ನು ಕೇಳುವ ಬೇಡಿಕೆ ಎಂದು ಬರೆದಿದ್ದಳು. ತನ್ನ ಪ್ರಾಣಕ್ಕಿಂತ ಹೆಚ್ಚಾದವನನ್ನು ಬಿಡುತ್ತೇನೆ ಎಂದು ಕೊಹಾರು ಮರುತ್ತರ ಕಳಿಸಿದ್ದಳು. ಬಿಟ್ಟೂ ಬಿಟ್ಟಳು. ಪ್ರೀತಿಸಿದವನ ಕಣ್ಣಲ್ಲಿ ನಾಲಿಗೆಗೆ ನೆಲೆಯಿಲ್ಲದವಳಾಗಿ, ಒದೆ ತಿಂದು, ನಿಜ ಹೇಳದೆ ಬಿಟ್ಟಳು.

ಈ ನಾಟಕದ ಬಗ್ಗೆ ಬರೆದವರು ಬಹಳ ಜನ ಜಿಹೇಯ ಸುತ್ತ ಸುಳಿಯುತ್ತಾರೆ. ಅವನ ದೌರ್ಬಲ್ಯ, ಅವನ ಕಣ್ಣೀರು, ಹೆಂಡತಿ ಮತ್ತು ಪ್ರೇಯಸಿಯ ನಡುವೆ ಅವನು ಹರಿದುಹೋಗುವ ರೀತಿ. ನನಗೆ ಅದು ನಾಟಕದ ಹೊರ ಅಂಗಳ ಮಾತ್ರ. ಈ ನಾಟಕದಲ್ಲಿ ನಿಜವಾಗಿ ಸಾಗುವ ಸಂಬಂಧ ಒಸಾನ್ ಮತ್ತು ಕೊಹಾರುವಿನದು. ಚಿಕಾಮಾತ್ಸು ಅವರಿಬ್ಬರನ್ನು ಒಮ್ಮೆಯೂ ಮುಖಾಮುಖಿ ಮಾಡಿಸುವುದಿಲ್ಲ. ಒಬ್ಬಳು ಮೊದಲ ಮತ್ತು ಮೂರನೆಯ ಅಂಕಕ್ಕೆ ಸೇರಿದವಳು, ಇನ್ನೊಬ್ಬಳು ಎರಡನೆಯದಕ್ಕೆ. ಒಬ್ಬಳ ಋಣ ಇನ್ನೊಬ್ಬಳ ಮೇಲೆ ಬೀಳುತ್ತದೆ, ತೀರಿಸಲು ಹೋದರೆ ಬೆಳೆಯುತ್ತದೆ, ಕೊನೆಗೆ ಮೂವರನ್ನೂ ನುಂಗುತ್ತದೆ.

ಎರಡನೆಯ ಅಂಕವನ್ನು ನಿಧಾನವಾಗಿ ನೋಡಬೇಕು. ಚಳಿಗಾಲ. ಕೆಂಡದ ಮೇಲೆ ಚೌಕಟ್ಟಿಟ್ಟು ರಜಾಯಿ ಹೊದಿಸಿ ಕಾಲು ಕಾಯಿಸಿಕೊಳ್ಳುವ ‘ಕೊತಾತ್ಸು’ ಜಪಾನಿ ಮನೆಗಳಲ್ಲಿ ಇರುತ್ತದಲ್ಲ, ಅದರೊಳಗೆ ಜಿಹೇ ಮುಸುಕೆಳೆದು ಮಲಗಿದ್ದಾನೆ. ಅಂಗಡಿ ನೋಡುವವಳು, ಮಕ್ಕಳನ್ನು ಸಂಭಾಳಿಸುವವಳು, ಆಳುಗಳನ್ನು ಕೂಗುವವಳು ಒಸಾನ್. ಅತ್ತೆಯೂ ಅಣ್ಣನೂ ಬರುತ್ತಾರೆ. ಕೊಹಾರುವನ್ನು ತೆನ್ಮಾದ ಸಿರಿವಂತನೊಬ್ಬ ಬಿಡಿಸಿಕೊಳ್ಳುತ್ತಾನಂತೆ, ಅದು ಜಿಹೇಯೇ ಇರಬೇಕು ಎಂಬ ಭಯ ಅವರಿಗೆ. ಅವನಲ್ಲ, ತಾಹೇ ಎಂಬ ಇನ್ನೊಬ್ಬ. ಜಿಹೇ ಕುಮಾನೊ ದೇವಾಲಯದ ಆಣೆಯ ಹಾಳೆಯ ಮೇಲೆ ಕೊಹಾರುವಿನ ನಂಟು ಕಡಿದುಕೊಂಡೆ ಎಂದು ಬರೆದುಕೊಡುತ್ತಾನೆ. ಬಂದವರು ಸಮಾಧಾನದಿಂದ ಹೋಗುತ್ತಾರೆ. ಅವನು ಮತ್ತೆ ರಜಾಯಿಯೊಳಗೆ. ಒಸಾನ್ ರಜಾಯಿ ಎಳೆದರೆ ಅವನ ದಿಂಬು ಕಣ್ಣೀರಿನಿಂದ ತೊಯ್ದಿದೆ.

ಅವಳಿಗೆ ಸಿಟ್ಟು ಬರುತ್ತದೆ, ಬರಲೇಬೇಕು. ಗಂಡ ತನ್ನನ್ನು ತೊರೆದಿದ್ದ ಆ ದಿನಗಳೆಲ್ಲ ಅವಳ ಮಾತಿನಲ್ಲಿ ಉಕ್ಕಿ ಬರುತ್ತವೆ. ಜಿಹೇ ಹೇಳುತ್ತಾನೆ: ಅವಳ ಮೇಲಿನ ಆಸೆಗೆ ಅಳುತ್ತಿಲ್ಲ, ತಾಹೇ ಊರ ತುಂಬ ನನ್ನನ್ನು ಹಳಿಯುವ ಅವಮಾನಕ್ಕೆ ಅಳುತ್ತಿದ್ದೇನೆ. ತಾಹೇಯ ಪಾಲಾಗಬೇಕಾಗಿ ಬಂದರೆ ಸಾಯುತ್ತೇನೆ ಎಂದು ಆಣೆಯಿಟ್ಟಿದ್ದಳು, ಈಗ ನೋಡು ಅವಳ ಬಣ್ಣ.

ಒಸಾನ್ ಅಲ್ಲೇ ಬಿಳಿಚಿಕೊಳ್ಳುತ್ತಾಳೆ. ಹಾಗಾದರೆ ಕೊಹಾರು ಸಾಯುತ್ತಾಳೆ. ಜಿಹೇಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತು: ಕೊಹಾರು ಮಾತಿಗೆ ತಪ್ಪುವವಳಲ್ಲ. ತನಗೆ ಕೊಟ್ಟ ಮಾತಿಗಾಗಿ ಅವನನ್ನು ಬಿಟ್ಟವಳು, ಅವನಿಗೆ ಕೊಟ್ಟ ಮಾತಿಗಾಗಿ ಒಬ್ಬಳೇ ಸಾಯುತ್ತಾಳೆ. ಇಷ್ಟು ದಿನ ಒಸಾನ್ ಪತ್ರದ ಗುಟ್ಟನ್ನು ಬಿಟ್ಟುಕೊಟ್ಟಿರಲಿಲ್ಲ, ಕೊಹಾರುವಿನ ಮರುತ್ತರವನ್ನು ರಕ್ಷೆಯ ಹಾಗೆ ಮೈಮೇಲೆ ಇಟ್ಟುಕೊಂಡಿದ್ದಳು. ಈಗ ಬಾಯಿಬಿಡುತ್ತಾಳೆ. ನನ್ನ ಮೇಲಿನ ಮರ್ಯಾದೆಗೆ ಜೀವ ಕೊಡಲು ಹೊರಟವಳನ್ನು ಸಾಯಲು ಬಿಟ್ಟರೆ ನಾನು ಎಂಥ ಹೆಂಗಸು ಎಂದು ಅವಳಿಗೆ ಅನಿಸುತ್ತದೆ. ಗಂಡನ ಪ್ರೇಯಸಿಯನ್ನು ಉಳಿಸಲು ಒಂದೇ ದಾರಿ ಇದೆ, ಗಂಡನೇ ಅವಳನ್ನು ಬಿಡಿಸಿಕೊಳ್ಳಬೇಕು.

ಆಮೇಲೆ ನಡೆಯುವುದು ಬರೀ ಲೆಕ್ಕಾಚಾರ. ಕಾಗದ ಪೂರೈಸಿದವರಿಗೆ ಕೊಡಬೇಕೆಂದು ಕೂಡಿಟ್ಟ ಬೆಳ್ಳಿಯನ್ನು ಒಸಾನ್ ತೆಗೆಯುತ್ತಾಳೆ. ಮುಂಗಡಕ್ಕೆ ಅದು ಸಾಲದು. ಕಿಮೊನೊ ಪೆಟ್ಟಿಗೆ ತೆರೆಯುತ್ತಾಳೆ, ತನ್ನವು, ಮಕ್ಕಳವು, ಒಂದೊಂದಾಗಿ ಗಂಟಿಗೆ ಹಾಕುತ್ತಾಳೆ, ಗಿರವಿ ಇಡಲು. ಎಷ್ಟಾಯಿತು, ಇನ್ನೆಷ್ಟು ಬೇಕು ಎಂದು ನೋಡುಗನೂ ಅವಳ ಜೊತೆ ಲೆಕ್ಕ ಹಾಕುತ್ತಾನೆ. ಅವಳು ಇಲ್ಲಿಗೆ ಬಂದರೆ ನಿನ್ನ ಗತಿ ಏನು ಎಂದು ಜಿಹೇ ಕೇಳಿದಾಗ ಅವಳಿಗೆ ಒಂದು ಕ್ಷಣ ಉತ್ತರ ಸಿಗುವುದಿಲ್ಲ. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಮಕ್ಕಳ ದಾದಿಯಾಗಿಯೋ ಅಡುಗೆಯವಳಾಗಿಯೋ ಇದ್ದುಬಿಡುತ್ತೇನೆ ಎನ್ನುತ್ತಾಳೆ, ಅಳುತ್ತಾಳೆ. ನಾನು ಓದಿದ ನಾಟಕಗಳಲ್ಲಿ ತ್ಯಾಗವನ್ನು ಇಷ್ಟು ಮನೆವಾರ್ತೆಯ ದನಿಯಲ್ಲಿ ಹೇಳಿದ್ದು ಇನ್ನೊಂದಿಲ್ಲ. ಅವಳನ್ನು ದೇವತೆ ಮಾಡಲು ಚಿಕಾಮಾತ್ಸು ಒಪ್ಪುವುದಿಲ್ಲ. ಅವಳ ಸಿಟ್ಟು, ಹೊಟ್ಟೆಕಿಚ್ಚು, ಭಯ ಎಲ್ಲವೂ ಇರುವಾಗಲೇ ಅವಳು ಈ ಗಂಟು ಕಟ್ಟುತ್ತಾಳೆ.

ಗಂಟು ಹೊತ್ತು ಹೊರಡುವ ಹೊತ್ತಿಗೇ ಮಾವ ಗೋಜಾಎಮೊನ್ ಬಾಗಿಲಲ್ಲಿ. ಪೆಟ್ಟಿಗೆಗಳನ್ನು ತೆರೆಸಿ ನೋಡುತ್ತಾನೆ, ಖಾಲಿ. ಮಗಳ ಸೋಡಚೀಟಿ ಕೇಳುತ್ತಾನೆ, ಕೊನೆಗೆ ಅವಳ ಕೈಹಿಡಿದು ಎಳೆದುಕೊಂಡು ಹೋಗುತ್ತಾನೆ. ಮಕ್ಕಳು ಅಳುತ್ತ ಉಳಿಯುತ್ತವೆ. ಗೋಜಾಎಮೊನ್ ಒರಟ, ನಿಜ. ಆದರೆ ಅಳಿಯ ಮಗಳ ಬಟ್ಟೆಯನ್ನೂ ಗಿರವಿಗೆ ಹೊತ್ತೊಯ್ಯುವುದನ್ನು ಕಣ್ಣಾರೆ ಕಂಡ ಯಾವ ಅಪ್ಪ ಸುಮ್ಮನಿರುತ್ತಾನೆ? ಅವನು ಅಪ್ಪನ ಕರ್ತವ್ಯ ಮಾಡಿದ. ಅಣ್ಣ ಅಣ್ಣನ ಕರ್ತವ್ಯ ಮಾಡಿದ. ಒಸಾನ್, ಕೊಹಾರು ತಮ್ಮ ತಮ್ಮದನ್ನು ಮಾಡಿದರು. ಪ್ರತಿಯೊಬ್ಬರೂ ಸರಿಯಾದುದನ್ನೇ ಮಾಡುತ್ತ ಬಂದು ಸಾವಿಗೆ ದಾರಿ ಕಡಿದಿದ್ದಾರೆ. ಕೆಡುಕನೊಬ್ಬನಿದ್ದರೆ ಬೈದು ಹಗುರಾಗಬಹುದಿತ್ತು. ತಾಹೇ ಬಡಾಯಿಕೋರ, ಅಷ್ಟಕ್ಕೆ ಮುಗಿಯಿತು. ಮುಂದೆ ಈ ನಾಟಕವನ್ನು ತಿದ್ದಿ ಬರೆದವರು ಅವನ ಕುತಂತ್ರವನ್ನು ಹಿಗ್ಗಿಸಿ ಕತೆಯನ್ನು ಸುಲಭ ಮಾಡಿದರು. ಅದು ಮೂಲಕ್ಕೆ ಬಗೆದ ದ್ರೋಹ ಎಂದೇ ನನ್ನ ಅಭಿಪ್ರಾಯ.

ಚಿಕಾಮಾತ್ಸು ತನ್ನ ಕಲೆಯ ಬಗ್ಗೆ ಆಡಿದ ಮಾತುಗಳನ್ನು ಹೊಜುಮಿ ಇಕಾನ್ ಎಂಬ ವಿದ್ವಾಂಸ ದಾಖಲಿಸಿದ್ದು 1738ರಲ್ಲಿ ಅಚ್ಚಾಯಿತು. ದುಃಖ ಎಂದು ಬಾಯಿಬಿಟ್ಟು ಹೇಳಿದರೆ ದುಃಖ ಹುಟ್ಟುವುದಿಲ್ಲ, ಸನ್ನಿವೇಶದ ಕಟ್ಟುಪಾಡಿನಿಂದಲೇ ಅದು ಹುಟ್ಟಬೇಕು ಎಂಬುದು ಅಲ್ಲಿ ಬರುವ ವಿಚಾರ. ಎರಡನೆಯ ಅಂಕ ಅದಕ್ಕೆ ಸಾಕ್ಷಿ. ಮರದ ಗೊಂಬೆ ಕಣ್ಣೀರು ಸುರಿಸಲಾರದು. ಸನ್ನಿವೇಶವೇ ಬಿಗಿಯಾಗಿರದಿದ್ದರೆ ಗೊಂಬೆ ಬರೀ ಮರ.

ಬುನ್‌ರಾಕು ಎಂದು ಈಗ ಹೆಸರಾದ ಈ ಆಟದ ಕ್ರಮವನ್ನೂ ಹೇಳಬೇಕು. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಗಳು ಮೇಲಿನಿಂದ ಇಳಿಬಿಟ್ಟ ದಾರದಲ್ಲಿ ಕುಣಿಯುತ್ತವೆ. ಜಪಾನಿನದು ಹಾಗಲ್ಲ, ಒಂದು ಗೊಂಬೆಯನ್ನು ಮೂವರು ಕಣ್ಣೆದುರೇ ಹಿಡಿದು ಆಡಿಸುತ್ತಾರೆ; ತಲೆ ಮತ್ತು ಬಲಗೈ ಒಬ್ಬನದು, ಎಡಗೈ ಇನ್ನೊಬ್ಬನದು, ಕಾಲು ಮೂರನೆಯವನದು. ಈ ಮೂವರ ಪದ್ಧತಿ 1734ರ ಹೊತ್ತಿಗೆ ಬಂದದ್ದು. ಚಿಕಾಮಾತ್ಸುವಿನ ಕಾಲದಲ್ಲಿ ಒಂದು ಗೊಂಬೆಗೆ ಒಬ್ಬನೇ ಆಡಿಸುವವನಿದ್ದ, ಭಾರವೆಲ್ಲ ಮಾತಿನ ಮೇಲಿತ್ತು. ಮಾತು ‘ತಾಯೂ’ ಎನಿಸಿಕೊಳ್ಳುವ ಹಾಡುಗಾರನದು. ಶಾಮಿಸೆನ್ ತಂತಿವಾದ್ಯದ ಪಕ್ಕ ಕೂತು ಅವನು ಹಾಡನ್ನೂ ಕಥನವನ್ನೂ ಎಲ್ಲ ಪಾತ್ರಗಳ ಮಾತನ್ನೂ ತಾನೇ ನಡೆಸುತ್ತಾನೆ. ನಮ್ಮ ಭಾಗವತರೂ ಅರ್ಥಧಾರಿಗಳೂ ಒಬ್ಬರೇ ಆದಂತೆ. ಒಸಾನ್‌ಳ ಬಿಕ್ಕೂ ಮಾವನ ಗದರಿಕೆಯೂ ಮಗುವಿನ ಅಳುವೂ ಒಂದೇ ಗಂಟಲಿನಿಂದ ಬರುತ್ತವೆ. ಎಲ್ಲರ ನ್ಯಾಯವೂ ಒಂದೇ ಉಸಿರಿನಲ್ಲಿ ಹೊರಡುವಾಗ ಪಕ್ಷ ವಹಿಸಲು ನಮಗೆ ಎಡೆಯೇ ಸಿಗುವುದಿಲ್ಲ.

ಮೂರನೆಯ ಅಂಕದಲ್ಲಿ ಇಬ್ಬರೂ ರಾತ್ರಿ ತಪ್ಪಿಸಿಕೊಳ್ಳುತ್ತಾರೆ. ಕೊಹಾರು ಬಾಗಿಲು ಕಿರುಗುಟ್ಟದಂತೆ ತೆರೆಯುವುದು, ಕಾವಲುಗಾರನ ಮರದ ತಾಳದ ಸದ್ದಿಗೆ ಹೊಂದಿಸಿ ಒಂದಿಷ್ಟೇ ಸರಿಸುವುದು, ಆ ಕೌಶಲಕ್ಕೆ ಉಸಿರು ಕಟ್ಟುತ್ತದೆ. ಆಮೇಲೆ ಒಸಾಕಾದ ಸೇತುವೆಗಳನ್ನು ಒಂದೊಂದಾಗಿ ದಾಟುತ್ತ, ಅವುಗಳ ಹೆಸರು ಹೇಳುತ್ತ ಸಾಗುವ ಪ್ರಸಿದ್ಧ ಪಯಣದ ಪದ್ಯ. ಸುಂದರ, ನಿಜ. ನನ್ನ ಮನಸ್ಸು ಹೆಚ್ಚು ತಂಗುವುದು ಅದರ ಮುಂದಿನ ಮಾತುಕತೆಯಲ್ಲಿ. ಸಾಯುವ ಜಾಗಕ್ಕೆ ಬಂದಮೇಲೂ ಕೊಹಾರುವಿಗೆ ಒಸಾನ್‌ಳ ಚಿಂತೆ. ಇಬ್ಬರೂ ಒಂದೇ ಕಡೆ ಬಿದ್ದಿರುವುದನ್ನು ಜನ ನೋಡಿದರೆ, ಮಾತು ಕೊಟ್ಟು ಮೋಸ ಮಾಡಿದಳು ಎಂದು ಒಸಾನ್ ತಿಳಿಯುವುದಿಲ್ಲವೇ? ಬೇರೆ ಬೇರೆ ಕಡೆ ಸಾಯೋಣ ಎನ್ನುತ್ತಾಳೆ. ಜಿಹೇ ತನ್ನ ಜುಟ್ಟು ಕತ್ತರಿಸಿಕೊಳ್ಳುತ್ತಾನೆ, ಅವಳ ಕೂದಲನ್ನೂ ಕತ್ತರಿಸುತ್ತಾನೆ. ಈಗ ಒಬ್ಬ ಸನ್ಯಾಸಿ, ಒಬ್ಬಳು ಸನ್ಯಾಸಿನಿ, ಸಂಸಾರದ ಋಣ ಹರಿಯಿತು ಎಂಬ ನಂಬಿಕೆ. ಆದರೂ ಜಾಗ ಬೇರೆಯೇ. ಬೆಳಗಿನ ಜಾವ ಅವಳನ್ನು ಕತ್ತಿಯಿಂದ ಕೊಂದು, ಸ್ವಲ್ಪ ದೂರದಲ್ಲಿ ನೀರಿನ ತೂಬಿಗೆ ಅವಳ ಸೊಂಟಪಟ್ಟಿಯನ್ನೇ ಕಟ್ಟಿ ಅವನು ನೇಣು ಹಾಕಿಕೊಳ್ಳುತ್ತಾನೆ. ಅಷ್ಟು ದೂರ ಒಸಾನ್‌ಳ ಪಾಲು. ಪ್ರೇಮಿಗಳ ನಡುವೆ ಕೊನೆಯ ಗಳಿಗೆಯಲ್ಲೂ ಅವಳು ನಿಂತಿದ್ದಾಳೆ, ಅಡ್ಡಗೋಡೆಯಾಗಿ ಅಲ್ಲ, ಇಬ್ಬರೂ ಗೌರವಿಸುವವಳಾಗಿ.

ಕೂದಲು ಕತ್ತರಿಸಿದರೆ ಋಣ ತೀರಿತೇ? ನನಗೆ ಒಪ್ಪಿಗೆಯಾಗುವುದಿಲ್ಲ. ಒಸಾನ್ ತವರಿನಲ್ಲಿ ಸಿಕ್ಕಿಬಿದ್ದಿದ್ದಾಳೆ, ಮಕ್ಕಳು ಅನಾಥ, ಅವಳು ಬೇಡಿದ್ದ ಒಂದೇ ಒಂದು ಸಂಗತಿ, ಗಂಡನ ಜೀವ, ಅದೂ ಹೋಯಿತು. ಸುದ್ದಿ ಅವಳಿಗೆ ಮುಟ್ಟುವ ದೃಶ್ಯ ನಾಟಕದಲ್ಲಿ ಇಲ್ಲ. ಪ್ರೇಮಿಗಳಿಗೆ ಬುದ್ಧನ ಲೋಕದ ಭರವಸೆಯಾದರೂ ಇದೆ. ಇವಳಿಗೆ ಚಿಕಾಮಾತ್ಸು ಯಾವ ಸಾಂತ್ವನವನ್ನೂ ಬರೆಯಲಿಲ್ಲ.

ಇಂಥ ನಾಟಕಗಳು ನಿಜಜೀವನದಲ್ಲಿ ಜೋಡಿ ಆತ್ಮಹತ್ಯೆಗಳನ್ನು ಹೆಚ್ಚಿಸುತ್ತಿವೆ ಎಂದು ತೊಕುಗಾವಾ ಸರ್ಕಾರ ಎರಡೇ ವರ್ಷದಲ್ಲಿ, 1723ರ ಹೊತ್ತಿಗೆ, ಅವುಗಳನ್ನು ನಿಷೇಧಿಸಿತು. ಹಾಗೆ ಸತ್ತವರಿಗೆ ಶವಸಂಸ್ಕಾರವೂ ಇಲ್ಲ, ಬದುಕುಳಿದರೆ ಶಿಕ್ಷೆ. ಅಧಿಕಾರಿಗಳ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ‘ಅಮಿಜಿಮಾ’ವನ್ನು ಮನಸ್ಸಿಟ್ಟು ನೋಡಿದವರಿಗೆ ಸಾವು ಸಿಹಿಯಾಗಿ ಕಾಣುವುದಿಲ್ಲ. ಖಾಲಿ ಪೆಟ್ಟಿಗೆಗಳ ಮುಂದೆ ಅಳುವ ಮಕ್ಕಳನ್ನು ತೋರಿಸಿದ ಮೇಲೆಯೇ ಆ ಸೇತುವೆಗಳ ಹಾಡು ಬರುವುದು.

ಈ ಗೊಂಬೆಯಾಟ ನೋಡಲು ಒಸಾಕಾಕ್ಕೆ ಹೋಗಲಾಗದವರು ಮಾಸಾಹಿರೊ ಶಿನೊದಾ 1969ರಲ್ಲಿ ಮಾಡಿದ ಚಲನಚಿತ್ರವನ್ನು ಹುಡುಕಿ ನೋಡಬೇಕು. ಕಪ್ಪು ಬಟ್ಟೆಯ ಗೊಂಬೆಯಾಡಿಸುವವರು ಅದರಲ್ಲಿ ಜೀವಂತ ನಟರ ನಡುವೆ ಸುಳಿದಾಡುತ್ತಾರೆ, ಕತ್ತಿ ಕೈಗೆ ಕೊಡುತ್ತಾರೆ, ದಾರಿ ತೋರಿಸುತ್ತಾರೆ. ತೊರು ತಾಕೆಮಿತ್ಸು ಅವರ ಸಂಗೀತ ಅದಕ್ಕಿದೆ. ಎಲ್ಲಕ್ಕಿಂತ ದೊಡ್ಡ ನಿರ್ಧಾರ ಪಾತ್ರಹಂಚಿಕೆಯದು: ಒಸಾನ್ ಮತ್ತು ಕೊಹಾರು ಇಬ್ಬರನ್ನೂ ಶಿಮಾ ಇವಾಶಿತಾ ಒಬ್ಬರೇ ಅಭಿನಯಿಸಿದ್ದಾರೆ. ಜಿಹೇ ಒಂದೇ ಹೆಣ್ಣನ್ನು ಎರಡು ಕಡೆ ಪ್ರೀತಿಸಿದ ಎಂದು ಕೆಲವರು ಇದನ್ನು ಓದುತ್ತಾರೆ. ನನಗೆ ಅದು ಬೇರೆಯೇ ಕಂಡಿತು. ತಾಯೂ ಒಂದೇ ಗಂಟಲಿನಲ್ಲಿ ಹಿಡಿದಿದ್ದ ಇಬ್ಬರು ಹೆಂಗಸರನ್ನು ಶಿನೊದಾ ಒಂದೇ ಮುಖಕ್ಕೆ ತಂದರು. ಗಂಡಿಗೆ ಕೊನೆಯವರೆಗೂ ಪೂರ್ತಿ ತಿಳಿಯದ ಒಪ್ಪಂದ ಆ ಮುಖದಲ್ಲಿದೆ.